ಬೋರ್ಡಿನ ಕೆಳಗಿನ ಸಾಲು: ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಕೊಡಗು ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳೇ,

ನಮ್ಮ ಓಣಿಯ ತಿರುವಿನಲ್ಲಿ ಫೆಬ್ರವರಿಯಲ್ಲಿ ಒಂದು ಬೋರ್ಡು ಎದ್ದಿತು. ಮೇಲೆ ಹಬೆಯಾಡುವ ಕಪ್ಪಿನ ಚಿತ್ರ, ಅದರ ಕೆಳಗೆ ಕೆಫೆಯ ಹೆಸರು, ಅದರ ಕೆಳಗೆ ಒಂದು ಸಾಲಿನಷ್ಟು ಜಾಗಕ್ಕೆ ಖಾಕಿ ಕಾಗದ ಅಂಟಿಸಿದ್ದರು. ಪೈಂಟು ಒಣಗಿಲ್ಲವೇನೋ ಎಂದುಕೊಂಡು ಸುಮ್ಮನಾದೆವು. ಮಾರ್ಚ್ ತಿಂಗಳಲ್ಲಿ ಕಾಫಿ ಹೂ ಅರಳಿಸುವ ಹೂಮಳೆಯ ಜೊತೆ ಬಂದ ಗಾಳಿಗೆ ಕಾಗದದ ಒಂದು ಮೂಲೆ ಕಿತ್ತುಕೊಂಡಿತು. ಬೆಳಿಗ್ಗೆ ಹಾಲಿಗೆ ಹೋದಾಗ ನೋಡಿದರೆ ‘ಬಾ’ ಎಂಬ ಅಕ್ಷರ. "ಅಜ್ಜಿ, ಎಲ್ಲರನ್ನೂ ಬಾ ಅಂತ ಕರೀತಿದ್ದಾರೆ" ಎಂದಳು ಮೊಮ್ಮಗಳು. ಇನ್ನೆರಡು ದಿನದಲ್ಲಿ ‘ರ್’ ಕೂಡ ಹೊರಬಿತ್ತು.

ಮಡಿಕೇರಿಯ ಗುಡ್ಡದ ಮೇಲಿನ ಈ ಓಣಿಗೆ ಬಾರ್ ಬರುತ್ತಿರುವ ಸುದ್ದಿ ಮುಟ್ಟಿದ್ದು ಹೀಗೆ, ಗಾಳಿಯ ಕೃಪೆಯಿಂದ.

ಓಣಿಯ ಹೆಸರು, ಕಟ್ಟಡದ ನಂಬರು, ನಮ್ಮ ಸಹಿಗಳು ಎಲ್ಲವೂ ನಿಮ್ಮ ಕಚೇರಿಗೆ ಕೊಟ್ಟ ಆಕ್ಷೇಪಣೆಯಲ್ಲಿವೆ. ಇಲ್ಲಿ ಬರೆಯುವುದಿಲ್ಲ. ಕೆಫೆ ಮಾಡುತ್ತಿರುವವನು ಹೊರಗಿನವನಲ್ಲ, ನಮ್ಮ ಕಣ್ಣೆದುರು ಬೆಳೆದ ಹುಡುಗ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ದುಡಿದು, ಖಾಲಿ ಬಿದ್ದಿದ್ದ ಅಪ್ಪನ ಮನೆಯನ್ನು ರಿಪೇರಿ ಮಾಡಿಸಿ ಬಂದು ಕೂತಿದ್ದಾನೆ. ಮಕ್ಕಳೆಲ್ಲ ಊರು ಬಿಟ್ಟು ಹೋದರು ಎಂದು ಪ್ರತಿ ಮದುವೆಮನೆಯಲ್ಲೂ ಗೊಣಗುವವರು ನಾವೇ. ಒಬ್ಬ ವಾಪಸ್ ಬಂದರೆ ಅವನ ಹೆಸರು ಹಾಳು ಮಾಡುವುದು ಯಾವ ನ್ಯಾಯ? ವಿಷಯ ಕೇಳಲು ಹೋದಾಗ ಕೇಕ್ ಕೊಟ್ಟು ಕೂರಿಸಿ ನೇರವಾಗಿಯೇ ಹೇಳಿದ: "ಆಂಟಿ, ಬರೀ ಕಾಫಿ ಮಾರಿದ್ರೆ ಬ್ಯಾಂಕಿನ ಕಂತು ಹುಟ್ಟೋದಿಲ್ಲ." ಅವನ ಲೆಕ್ಕ ಸುಳ್ಳೇನಲ್ಲ. ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಕಾಫಿ ಮಾರಿ ಬದುಕಲಾಗುವುದಿಲ್ಲ ಎಂಬ ಮಾತು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಅಷ್ಟೆ.

ಇನ್ನೊಂದನ್ನೂ ಮೊದಲೇ ಹೇಳಿಬಿಡುತ್ತೇನೆ. ಇದು ಪಾನನಿರೋಧದ ಪತ್ರವಲ್ಲ. ನಮ್ಮ ಮನೆಯಲ್ಲಿ ಗುರು ಕಾರಣರಿಗೆ, ಅಂದರೆ ಗತಿಸಿದ ಹಿರಿಯರಿಗೆ, ಮೀದಿ (ಎಡೆ) ಇಡುವಾಗ ಎಲೆಯ ಪಕ್ಕ ಮದ್ಯದ ಲೋಟವೂ ಇರುತ್ತದೆ. ಓಣಿಯಲ್ಲಿ ನಿವೃತ್ತ ಸೈನಿಕರ ಮನೆಗಳಿವೆ. ತಿಂಗಳಿಗೊಮ್ಮೆ ಕ್ಯಾಂಟೀನಿನಿಂದ ಬರುವ ಚೀಲದಲ್ಲಿ ಸೋಪು, ಬಿಸ್ಕತ್ತು ಮಾತ್ರ ಇರುವುದಿಲ್ಲ ಎಂಬುದು ನಿಮಗೂ ಗೊತ್ತು. ನಾನೂ ಎರಡು ಕೋಣೆಯ ಹೋಂಸ್ಟೇ ನಡೆಸುತ್ತೇನೆ, ಪ್ರವಾಸಿಗರ ದುಡ್ಡಿನಲ್ಲೇ ಮನೆಯ ಹಂಚು ಬದಲಿಸಿದ್ದೇನೆ. ಹಾಗಾಗಿ ‘ಸಂಸ್ಕೃತಿ ರಕ್ಷಣೆ’ಯ ಭಾಷಣ ನನ್ನ ಬಾಯಲ್ಲಿ ಚೆನ್ನಾಗಿರುವುದಿಲ್ಲ. ಅಂಥ ಭಾಷಣಕ್ಕೆಂದು ಮೈಕು ಹಿಡಿದುಕೊಂಡು ಬಂದ ಒಂದಿಬ್ಬರನ್ನು ನಾವೇ ವಾಪಸ್ ಕಳಿಸಿದ್ದೇವೆ.

ನಮ್ಮ ತಕರಾರು ಇರುವುದು ಈ ಬಾರು ಕಾಗದದ ಮೇಲೆ ಬಂದ ರೀತಿಯಲ್ಲಿ.

ಮೊದಲು ಹಳೆಯ ಮನೆಯ ದುರಸ್ತಿ ಎಂದು ಅರ್ಜಿ ಹೋಯಿತು. ಯಾರೂ ಬೇಡ ಎನ್ನಲಿಲ್ಲ, ಎನ್ನಬೇಕಾದ್ದೂ ಇರಲಿಲ್ಲ. ಆಮೇಲೆ ಉಪಾಹಾರಕ್ಕೆಂದು ಉದ್ದಿಮೆ ಪರವಾನಗಿ. ಅದಕ್ಕೂ ನಾವು ಹೂಂ ಎಂದೆವು. ಓಣಿಗೊಂದು ಒಳ್ಳೆಯ ಕಾಫಿ ಸಿಗುವ ಜಾಗ ಯಾರಿಗೆ ಬೇಡ? ಬಳಿಕ ಹಿಂದಿನ ಅಂಗಳ ಸಮತಟ್ಟು ಮಾಡಲು ಒಂದು ಕಾಗದ. ಆ ಅಂಗಳಕ್ಕೆ ಶೀಟು ಹೊದಿಸಿ ‘ತಾತ್ಕಾಲಿಕ ಶೆಡ್’ ಎಂದು ಇನ್ನೊಂದು. ಆ ಶೆಡ್ಡಿನ ಕೆಳಗೆ ಮರದ ಕಟ್ಟೆ ಬಂತು, ಕಟ್ಟೆಯ ಎರಡೂ ಕಡೆ ಆಳೆತ್ತರದ ಸ್ಪೀಕರ್ ಬಂತು. ಈಗ ಕೊನೆಯದಾಗಿ, ಬೇರೊಂದು ಕಡೆ ಮುಚ್ಚಿದ ಬಾರಿನ ಸಿಎಲ್-9 ಸನ್ನದನ್ನು (ಬಾರ್ ನಡೆಸುವ ಪರವಾನಗಿಯನ್ನು) ಈ ವಿಳಾಸಕ್ಕೆ ಸ್ಥಳಾಂತರಿಸಲು ಅರ್ಜಿ. ಸಿಎಲ್-2 (ಚಿಲ್ಲರೆ ಮದ್ಯದಂಗಡಿಯದು), ಸಿಎಲ್-9 ಸನ್ನದುಗಳನ್ನು ಹೊಸದಾಗಿ ಕೊಡುವುದನ್ನು ಸರ್ಕಾರ ದಶಕಗಳ ಹಿಂದೆಯೇ ನಿಲ್ಲಿಸಿದ ಮೇಲೆ ರಾಜ್ಯದಲ್ಲಿ ಬಾರ್ ಹುಟ್ಟುವುದಕ್ಕಿಂತ ನಡೆದು ಬರುವುದೇ ಹೆಚ್ಚು. ಇದ್ದ ಸನ್ನದು ಕೈ ಬದಲಿಸುತ್ತದೆ, ಊರು ಬದಲಿಸುತ್ತದೆ. ನಮ್ಮ ಓಣಿಗೂ ಒಂದು ನಡೆದು ಬರುತ್ತಿದೆ.

ದುರಸ್ತಿಯ ಕಡತ ನೋಡಿದವರು ದುರಸ್ತಿ ನೋಡಿದರು. ಉಪಾಹಾರದ ಕಡತ ನೋಡಿದವರು ಅಡುಗೆಮನೆಯ ಟೈಲ್ಸ್ ನೋಡಿದರು. ಅಬಕಾರಿಯವರು ದೂರ ಅಳೆದರು. ಐದು ಬಿಡಿ ಕಾಗದಗಳಲ್ಲಿ ಎಲ್ಲೂ ‘ಈ ವಸತಿ ಓಣಿಯಲ್ಲಿ ರಾತ್ರಿ ಹನ್ನೊಂದರವರೆಗೆ ಸಂಗೀತದ ಬಾರ್’ ಎಂಬ ವಾಕ್ಯವೇ ಇಲ್ಲ. ಒಂದು ಕಚೇರಿಯಲ್ಲಿ ಕೇಳಿದರೆ, "ನಮ್ಮಲ್ಲಿರುವುದು ಟೀ ಕಾಫಿಗೆ ಮಾತ್ರ ಮೇಡಂ, ಉಳಿದದ್ದು ನಮಗೆ ಬರೋಲ್ಲ" ಎಂದರು. ಇನ್ನೊಂದು ಕಚೇರಿಯಲ್ಲಿ, "ಕಟ್ಟಡದ ವಿಚಾರ ಅವರನ್ನೇ ಕೇಳಿ." ಪಾಪ, ಇಬ್ಬರೂ ಹೇಳಿದ್ದು ಸರಿಯೇ. ಆದರೆ ಓಣಿಯಲ್ಲಿ ವಾಸ ಮಾಡುವ ನಮಗೆ ಐದು ಕಡತಗಳೂ ಒಂದೇ ಕಿಟಕಿಯಿಂದ ಒಳಗೆ ಬರುತ್ತವೆ.

ವಸತಿಗೆಂದು ಗುರುತಿಸಿದ ಜಾಗದ ಭೂಬಳಕೆ ಬದಲಿಸುವುದಿದ್ದರೆ ದಿನಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕೆಂದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯೇ ಹೇಳುತ್ತದೆ. ಬೆಳಿಗ್ಗೆ ‘ಶಕ್ತಿ’ ಪತ್ರಿಕೆಯನ್ನು ಮರಣವಾರ್ತೆಯಿಂದ ಹಿಡಿದು ಕಾಳುಮೆಣಸಿನ ದರದವರೆಗೆ ಓದದೆ ತಿಂಡಿಗೆ ಏಳದ ಜನ ನಾವು. ಅಂಥ ಪ್ರಕಟಣೆ ಬಂದಿದ್ದರೆ ನಮ್ಮ ಕಣ್ಣು ತಪ್ಪುತ್ತಿರಲಿಲ್ಲ. ಭೂಬಳಕೆ ಬದಲಾಗಿದೆಯೇ, ಆಗಿದ್ದರೆ ಯಾವಾಗ, ಇಲ್ಲವಾದರೆ ಬಾರಿಗೆ ನಿರಾಕ್ಷೇಪಣಾ ಪತ್ರ ಯಾವ ಆಧಾರದ ಮೇಲೆ? ನಮ್ಮ ಮೊದಲ ಪ್ರಶ್ನೆ ಇದು.

ಎರಡನೆಯದು ಮೆಟ್ಟಿಲು. ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು.

ಮಡಿಕೇರಿ ನಿಮಗೆ ಗೊತ್ತಿರುವ ಊರು. ಇಲ್ಲಿ ರಸ್ತೆ ಗುಡ್ಡವನ್ನು ಸುತ್ತಿ ಹೋಗುತ್ತದೆ, ಜನ ಮೆಟ್ಟಿಲಲ್ಲಿ ಇಳಿಯುತ್ತಾರೆ. ನಮ್ಮ ಓಣಿಯಿಂದ ಕೆಳಗಿನ ಸರ್ಕಾರಿ ಪ್ರಾಥಮಿಕ ಶಾಲೆಗೆ ಕಾರಿನಲ್ಲಿ ಹೋದರೆ ಎರಡು ತಿರುವು, ಒಂದು ಇಳಿಜಾರು. ನಡೆದು ಹೋದರೆ ಅರವತ್ತೊಂದು ಮೆಟ್ಟಿಲು. ನಮ್ಮ ಮಕ್ಕಳು, ಮೊಮ್ಮಕ್ಕಳು ಆ ಶಾಲೆಗೆ ರಸ್ತೆಯಲ್ಲಿ ಹೋದದ್ದೇ ಇಲ್ಲ. ಮೆಟ್ಟಿಲು ಶುರುವಾಗುವುದು ಆ ಕೆಫೆಯ ಗೇಟಿನ ಪಕ್ಕದಿಂದ.

ಶಾಲೆ, ದೇವಸ್ಥಾನ, ಆಸ್ಪತ್ರೆಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಸನ್ನದು ಕೊಡಬಾರದೆಂದು 1967ರ ಅಬಕಾರಿ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮ ಹೇಳುತ್ತದೆ. ಆ ದೂರವನ್ನು ಅಳೆಯಬೇಕಾದ್ದು ಜನ ಸಾಮಾನ್ಯವಾಗಿ ನಡೆದು ಹೋಗುವ ಹತ್ತಿರದ ದಾರಿಯಲ್ಲಿ, ಬಾಗಿಲಿನಿಂದ ಗೇಟಿಗೆ. ಮಾಹಿತಿ ಹಕ್ಕಿನಲ್ಲಿ ಕೇಳಿ ಪಡೆದ ನಕ್ಷೆಯಲ್ಲಿ ದೂರ ಅಳೆದಿರುವುದು ರಸ್ತೆಯ ಮೇಲೆ, ಎರಡೂ ತಿರುವು ಸುತ್ತಿಸಿ. ನಕ್ಷೆ ಅಚ್ಚುಕಟ್ಟಾಗಿದೆ. ಕೆಫೆ ಇದೆ, ಶಾಲೆ ಇದೆ, ಕರೆಂಟು ಕಂಬ ಇದೆ, ಹಲಸಿನ ಮರ ಕೂಡ ಇದೆ. ಮೆಟ್ಟಿಲು ಮಾತ್ರ ಇಲ್ಲ.

ಒಂದು ಭಾನುವಾರ ಬೆಳಿಗ್ಗೆ ನಾವೇ ಅಳೆದೆವು. ತೋಟದಲ್ಲಿ ಗಿಡದ ಸಾಲು ಹಾಕಲು ಇಟ್ಟುಕೊಂಡಿದ್ದ 30 ಮೀಟರಿನ ಟೇಪು. ಮೇಲಿನ ತುದಿ ನಿವೃತ್ತ ಸುಬೇದಾರರ ಕೈಯಲ್ಲಿ, ಕೆಳಗಿನ ತುದಿ ಕಾಲೇಜಿಗೆ ಹೋಗುವ ಹುಡುಗಿಯ ಕೈಯಲ್ಲಿ, ಬರೆದುಕೊಳ್ಳಲು ನಾನು. ಮೆಟ್ಟಿಲಿನ ಮೇಲೆ ಟೇಪು ಸಡಿಲಬಾರದೆಂದು ಸುಬೇದಾರರು ಪ್ರತಿ ಹತ್ತು ಮೆಟ್ಟಿಲಿಗೂ ಒಂದೊಂದು ಕಲ್ಲಿಟ್ಟರು. ಎರಡು ಟೇಪು ಮುಗಿದು ಮೂರನೆಯದು ಅರ್ಧಕ್ಕೆ ಬರುವಷ್ಟರಲ್ಲಿ ಶಾಲೆಯ ಗೇಟು ಸಿಕ್ಕಿತು. 74 ಮೀಟರ್. ಎರಡನೇ ಸಲ ಅಳೆದಾಗ 73 ಚಿಲ್ಲರೆ. ಇದು ಸರ್ಕಾರಿ ಅಳತೆಯಲ್ಲ, ಒಪ್ಪುತ್ತೇನೆ. ಆದರೆ ನೂರಕ್ಕೂ ಎಪ್ಪತ್ತನಾಲ್ಕಕ್ಕೂ ಇರುವ ವ್ಯತ್ಯಾಸ ಟೇಪು ಜಗ್ಗಿದ್ದರಿಂದ ಬರುವಂಥದ್ದಲ್ಲ.

ಮೂರನೆಯದು ಹಿಂದಿನ ಬರೆ, ಅಂದರೆ ಗುಡ್ಡ ಕಡಿದ ಮೇಲೆ ನೇರವಾಗಿ ನಿಂತ ಮಣ್ಣಿನ ಗೋಡೆ. ನಿಜ ಹೇಳಬೇಕೆಂದರೆ ರಾತ್ರಿ ನಿದ್ದೆ ಕೆಡಿಸುವುದು ಇದೇ. ಸ್ಪೀಕರ್ ಆಮೇಲಿನ ಮಾತು.

ಶೆಡ್ಡಿಗೂ ಆರು ಕಾರು ನಿಲ್ಲುವ ಜಾಗಕ್ಕೂ ಎಂದು ಮನೆಯ ಹಿಂದಿನ ಗುಡ್ಡವನ್ನು ಜೆಸಿಬಿಯಲ್ಲಿ ನೇರವಾಗಿ ಕಡಿದಿದ್ದಾರೆ. ಕಡಿದ ಬರೆ ಎರಡಾಳಿಗಿಂತ ಎತ್ತರವಿದೆ. ಅದರ ಮೇಲಿರುವುದು ಮೂರು ಮನೆ, ಅದರಲ್ಲೊಂದು ನನ್ನದು. ಏಪ್ರಿಲ್‌ನ ಎರಡು ಜಡಿಮಳೆಗೆ ಬರೆಯ ನೆತ್ತಿಯಿಂದ ಒಂದು ಗೇಣು ಮಣ್ಣು ಜರಿದು ಬಿತ್ತು. ಅದಕ್ಕೆ ನೀಲಿ ಟಾರ್ಪಾಲ್ ಹೊದಿಸಿದರು. ಕೆಳಗೊಂದು ತಡೆಗೋಡೆ ಎದ್ದಿದೆ, ಸಿಮೆಂಟ್ ಬ್ಲಾಕಿನದು. ನೀರು ಹೊರಹೋಗಲು ಗೋಡೆಯಲ್ಲಿ ಪೈಪು ಬಿಡಬೇಕೆಂದು ಇಲ್ಲಿನ ಯಾವ ಮೇಸ್ತ್ರಿಯನ್ನು ಕೇಳಿದರೂ ಹೇಳುತ್ತಾನೆ. ಹೋಗಿ ಎಣಿಸಿದೆ: ಇಡೀ ಗೋಡೆಗೆ ನಾಲ್ಕು ಪೈಪು, ಒಂದರ ಬಾಯಿಗೆ ಪ್ಲಾಸ್ಟರ್ ಮೆತ್ತಿದೆ.

2018ರ ಆಗಸ್ಟ್ ತಿಂಗಳ ಭೂಕುಸಿತವನ್ನು ನಿಮಗೆ ನೆನಪಿಸಬೇಕಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಚಿತ್ರಗಳನ್ನು ದೇಶವೇ ನೋಡಿತು. ಮಡಿಕೇರಿ ಪೇಟೆಯೊಳಗೇ ಇಂದಿರಾನಗರ, ಚಾಮುಂಡೇಶ್ವರಿನಗರದ ಜನ ರಾತ್ರೋರಾತ್ರಿ ಪರಿಹಾರ ಕೇಂದ್ರಕ್ಕೆ ಓಡಿದ್ದನ್ನು ನಾವು ಇಲ್ಲಿಂದಲೇ ನೋಡಿದೆವು. ಮರುವರ್ಷ ತೋರ ಗ್ರಾಮದ ಗುಡ್ಡ ಕುಸಿಯಿತು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ಬಂದು ಪರಿಶೀಲಿಸಿದಾಗ ಮಳೆಯ ಜೊತೆಗೆ, ಇಳಿಜಾರನ್ನು ಮನಸ್ಸಿಗೆ ಬಂದಂತೆ ಕಡಿದದ್ದನ್ನೂ ಕಾರಣವೆಂದು ಬರೆದರು. ಅಂದಿನಿಂದ ಪ್ರತಿ ಜೂನ್‌ನಲ್ಲೂ ನಮ್ಮ ಮನೆಯಲ್ಲಿ ಒಂದು ಚೀಲ ಬಾಗಿಲ ಹತ್ತಿರ ತಯಾರಿರುತ್ತದೆ: ಆಸ್ತಿಪತ್ರ, ಮಾತ್ರೆ, ಟಾರ್ಚು, ಎರಡು ಜೊತೆ ಬಟ್ಟೆ. ಕಳೆದ ವರ್ಷ ಅದನ್ನು ಬಿಚ್ಚಿ ಬೀರುವಿಗೆ ಹಾಕಿದ್ದೆ, ಇನ್ನೇನು ಸಾಕು ಎಂದು. ಈ ಬಾರಿ ಮೇ ತಿಂಗಳಲ್ಲೇ ಮತ್ತೆ ಕಟ್ಟಿಟ್ಟಿದ್ದೇನೆ.

ಹುಡುಗ ಹೇಳುವುದು, ಎಂಜಿನಿಯರ್ ನೋಡಿ ಸರಿ ಎಂದಿದ್ದಾರೆ ಎಂದು. ಆ ಎಂಜಿನಿಯರ್ ಬರೆದುಕೊಟ್ಟ ಕಾಗದ ಐದು ಕಡತಗಳಲ್ಲಿ ಯಾವುದರಲ್ಲೂ ಇಲ್ಲ. ಇರುವುದು ‘ಅಂಗಳ ಸಮತಟ್ಟು ಮಾಡುವುದು’ ಎಂಬ ಮೂರು ಪದ.

ವಾಹನದ ವಿಷಯ ಹೆಚ್ಚು ಹೇಳುವುದಿಲ್ಲ, ನೀವೇ ಊಹಿಸಬಲ್ಲಿರಿ. ಓಣಿ ಅತಿ ಅಗಲವಿರುವಲ್ಲಿ ಹನ್ನೊಂದು ಅಡಿ. ಗ್ಯಾಸ್ ಸಿಲಿಂಡರಿನ ಗಾಡಿ ಮೇಲಿನಿಂದ ಇಳಿಯುತ್ತಿದ್ದರೆ ಕೆಳಗಿನಿಂದ ಬರುವ ಆಟೋ ರಿವರ್ಸ್ ಹೋಗಬೇಕು. ಆರು ಕಾರಿನ ಜಾಗವಿದೆ ಎಂದು ನಕ್ಷೆಯಲ್ಲಿ ತೋರಿಸಿದ್ದಾರೆ, ಅರುವತ್ತು ಕುರ್ಚಿ ಹಾಕಿದ್ದಾರೆ. ಶನಿವಾರ ರಾಜಾಸೀಟಿನ ಸುತ್ತ ಆಗುವುದನ್ನು ನೋಡಿದವರಿಗೆ ಉಳಿದದ್ದು ತಾನಾಗಿ ತಿಳಿಯುತ್ತದೆ. ಅಗ್ನಿಶಾಮಕದ ಗಾಡಿ ಈ ತಿರುವು ದಾಟುತ್ತದೆಯೇ ಎಂದು ಒಮ್ಮೆ ನಿಜವಾಗಿ ತಂದು ನೋಡಬೇಕೆಂಬುದು ನಮ್ಮ ಕೋರಿಕೆ.

ಶಬ್ದದ ಬಗ್ಗೆ ಮಾತಾಡುವಾಗ ಸ್ವಲ್ಪ ಸಂಕೋಚವಾಗುತ್ತದೆ. ದಸರೆಯ ದಶಮಂಟಪ ಮೆರವಣಿಗೆಯ ರಾತ್ರಿ ಬೆಳಗಿನವರೆಗೆ ಊರಿಗೆ ಊರೇ ನಡುಗುತ್ತದೆ, ನಾವು ಕಂಬಳಿ ಹೊದ್ದುಕೊಂಡು ಹೋಗಿ ನಿಂತು ನೋಡುತ್ತೇವೆ. ನಿಯಮದ ಪುಸ್ತಕ ತೆರೆದರೆ ಅದಕ್ಕೂ ಕೆಂಪು ಗೆರೆ ಬೀಳಬಹುದು. ಆದರೆ ಅದು ವರ್ಷಕ್ಕೊಂದು ರಾತ್ರಿ, ಇಡೀ ಊರಿನದು. ಇದು ವಾರಕ್ಕೆ ಮೂರು ರಾತ್ರಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಬಳಸುವುದಾದರೆ ಮುಚ್ಚಿದ ಸಭಾಂಗಣದ ಒಳಗೆ ಮಾತ್ರ. ಮೂರು ಕಡೆ ತೆರೆದು ನಾಲ್ಕನೆಯ ಕಡೆ ಬರೆ ಇರುವ ಶೆಡ್ಡನ್ನು ಯಾರೂ ಸಭಾಂಗಣ ಎನ್ನಲಾರರು. ಬರೆಗೆ ಬಡಿದ ಸದ್ದು ಎದುರಿನ ಗುಡ್ಡಕ್ಕೆ ಹೋಗಿ ವಾಪಸ್ ಬರುತ್ತದೆ. ಬಾಣಲೆಯಂತಿರುವ ಈ ಊರಿನಲ್ಲಿ ಆ ಕಡೆ ಗುಡ್ಡದ ಮೇಲೆ ನಾಯಿ ಬೊಗಳಿದರೆ ಯಾರ ಮನೆಯ ನಾಯಿ ಎಂದು ಈ ಕಡೆಯಿಂದ ಹೇಳಬಹುದು. ಏಪ್ರಿಲ್‌ನಲ್ಲಿ ಒಂದು ಶನಿವಾರ ಸ್ಪೀಕರ್ ಪರೀಕ್ಷೆ ಮಾಡಿದರು. ನನ್ನ ಅಡುಗೆಮನೆಯ ಕಪಾಟಿನಲ್ಲಿ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು. ಹೋಂಸ್ಟೇಗೆ ಬಂದಿದ್ದ ಮೈಸೂರಿನ ದಂಪತಿ ಬೆಳಿಗ್ಗೆ ಏನೂ ಹೇಳಲಿಲ್ಲ, ಒಂದು ದಿನ ಮೊದಲೇ ಕೋಣೆ ಖಾಲಿ ಮಾಡಿದರು.

ಓಣಿಯೆಲ್ಲ ಒಂದೇ ಮಾತಾಡುತ್ತಿದೆ ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಮೂರು ಮನೆಯವರು ಆಕ್ಷೇಪಣೆಗೆ ಸಹಿ ಹಾಕಿಲ್ಲ. ಒಬ್ಬರ ಮಗನಿಗೆ ಅಲ್ಲಿ ಕೆಲಸ ಸಿಗುವುದಿದೆ. ಇನ್ನೊಬ್ಬರು ನೇರವಾಗಿಯೇ ಕೇಳಿದರು: "ನೀವು ಹೋಂಸ್ಟೇ ಮಾಡುವಾಗ ನಾನು ತಕರಾರು ಮಾಡಿದ್ನಾ?" ಮಾಡಿರಲಿಲ್ಲ. ಆ ಮಾತು ಚುಚ್ಚಿತು, ಚುಚ್ಚಬೇಕಾದ್ದೇ. ನಾನು ಕೊಟ್ಟ ಉತ್ತರ ಇಷ್ಟು: ನನ್ನ ಎರಡು ಕೋಣೆ ಮುಂದೆ ಇಪ್ಪತ್ತು ಕೋಣೆ ಆದರೆ ದಯವಿಟ್ಟು ತಕರಾರು ಮಾಡಿ, ಮೊದಲ ಸಹಿ ನಿಮ್ಮದೇ ಇರಲಿ. ಅವರು ನಕ್ಕರು. ಸಹಿ ಮಾತ್ರ ಹಾಕಲಿಲ್ಲ.

ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರಿಗೆ ಸಂಜೆ ಕೂತು ಮಾತಾಡಲು ಈ ಊರಲ್ಲಿ ಜಾಗವಿಲ್ಲ ಎಂಬುದೂ ನಿಜ. ಟೇಪು ಹಿಡಿದ ಹುಡುಗಿಯೇ ಹೇಳಿದ್ದು: "ಕೆಫೆ ಇರ್ಲಿ ಆಂಟಿ, ಅಲ್ಲಿ ವೈಫೈ ಚೆನ್ನಾಗಿದೆ." ಇರಲಿ. ನಾವೂ ಅದನ್ನೇ ಕೇಳುತ್ತಿರುವುದು. ಕಾಫಿ, ಕೇಕು, ವೈಫೈ, ಸಂಜೆಯ ಗಿಟಾರ್, ಇದ್ಯಾವುದಕ್ಕೂ ನಮ್ಮ ಅಡ್ಡಿಯಿಲ್ಲ. ಬೋರ್ಡಿನ ಕೆಳಗಿನ ಆ ಒಂದು ಸಾಲಿಗೆ ಬೇರೆ ಅಳತೆ, ಬೇರೆ ವಿಚಾರಣೆ ಆಗಬೇಕು.

ಹಾಗಾಗಿ, ಸ್ವಾಮಿ, ಸನ್ನದಿನ ಸ್ಥಳಾಂತರದ ಕಡತ ನಿಮ್ಮ ಮೇಜಿಗೆ ಬಂದಾಗ ಉಳಿದ ನಾಲ್ಕು ಕಡತಗಳನ್ನೂ ತರಿಸಿ ಒಟ್ಟಿಗೆ ಇಟ್ಟು ನೋಡಿ. ಅಬಕಾರಿ, ನಗರಸಭೆ, ನಗರಾಭಿವೃದ್ಧಿ ಪ್ರಾಧಿಕಾರ, ಅಗ್ನಿಶಾಮಕ, ಪೊಲೀಸ್, ಎಲ್ಲರೂ ಒಂದೇ ದಿನ ಬಂದು ಜಂಟಿ ಸ್ಥಳ ತನಿಖೆ ಮಾಡಲಿ. ಒಬ್ಬರು ಹೋದ ಮೇಲೆ ಇನ್ನೊಬ್ಬರು ಬಂದರೆ ಮತ್ತೆ ಅದೇ ಬಿಡಿ ಬಿಡಿ ಕಾಗದ. ಬರೆಯನ್ನು ಭೂವಿಜ್ಞಾನ ಬಲ್ಲವರು ನೋಡಿ ಬರಹದಲ್ಲಿ ಕೊಡುವವರೆಗೆ ಶೆಡ್ಡಿನ ಕೆಳಗೆ ಯಾರನ್ನೂ ಕೂರಿಸಬಾರದು. ಇದು ನಮ್ಮ ಮನೆಗಳಿಗಾಗಿ ಮಾತ್ರ ಕೇಳುತ್ತಿರುವುದಲ್ಲ, ಅಲ್ಲಿ ಕೂತು ಕುಡಿಯುವ ಅರುವತ್ತು ಜನರ ತಲೆಯ ಮೇಲೂ ಅದೇ ಬರೆ ಇದೆ. ಶಾಲೆಯ ದೂರವನ್ನು ಮೆಟ್ಟಿಲಿನ ಮೇಲೆ ಅಳೆಯಲಿ. ವಿಚಾರಣೆ ಕನ್ನಡದಲ್ಲಿ ನಡೆಯಲಿ, ನಮ್ಮನ್ನೂ ಆ ಹುಡುಗನನ್ನೂ ಎದುರುಬದುರು ಕೂರಿಸಿ ಕೇಳಿ. ಇಷ್ಟೆಲ್ಲ ಆದಮೇಲೂ ಕಾನೂನು ಅವನ ಕಡೆ ಇದ್ದರೆ, ಮುಚ್ಚುವ ಹೊತ್ತು, ಸ್ಪೀಕರ್ ಇಲ್ಲದಿರುವುದು, ಓಣಿಯಲ್ಲಿ ವಾಹನ ನಿಲ್ಲಿಸದಿರುವುದು, ಇವನ್ನು ಸನ್ನದಿನ ಷರತ್ತಿನಲ್ಲೇ ಬರೆಸಿ. ಬಾಯಿಮಾತಿನ ಭರವಸೆ ಅವನು ಈಗಾಗಲೇ ಕೊಟ್ಟಿದ್ದಾನೆ, ಅವನು ಮಾತು ತಪ್ಪುವವನೂ ಅಲ್ಲ. ಆದರೆ ಸನ್ನದು ಕೈ ಬದಲಿಸುತ್ತದೆ ಎಂದು ಮೇಲೆ ಹೇಳಿದೆನಲ್ಲ. ನಾಳೆ ಅದನ್ನು ಕೊಂಡವನಿಗೆ ನಾವು ಆಂಟಿಯೂ ಅಲ್ಲ, ಅಂಕಲ್ಲೂ ಅಲ್ಲ.

ಅಬಕಾರಿ ವರ್ಷ ಶುರುವಾಗುವುದು ಜುಲೈ 1ಕ್ಕೆ. ಅಷ್ಟರೊಳಗೆ ಕೆಲಸ ಮುಗಿಸುವ ಅವಸರ ಅವರಿಗಿದೆ. ಮಳೆ ಹಿಡಿಯುವುದು ಜೂನ್ ಮೊದಲ ವಾರ. ಮಳೆಯನ್ನು ಇಂದಿಗೂ ಇಂಚಿನಲ್ಲೇ ಲೆಕ್ಕ ಇಡುವ ನಮಗೆ ಜುಲೈನ ಮೊದಲ ದಿನ ಎಂದರೆ ಆ ಬರೆಯ ಮೇಲೆ ಅದಾಗಲೇ ಎಷ್ಟು ಇಂಚು ಬಿದ್ದಿರುತ್ತದೆ ಎಂಬ ಲೆಕ್ಕ. ತನಿಖೆ ಮೇ ಮುಗಿಯುವುದರೊಳಗೆ ಆಗಬೇಕೆಂದು ಬೇಡಿಕೊಳ್ಳುವುದು ಅದಕ್ಕೇ.

ಇನ್ನೊಂದು ಸಣ್ಣ ಕೋರಿಕೆ. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಬರಬೇಡಿ. ಆ ಹೊತ್ತಿನಲ್ಲಿ ನಮ್ಮ ಓಣಿಯಷ್ಟು ಪ್ರಶಾಂತ ಜಾಗ ಇಡೀ ಮಡಿಕೇರಿಯಲ್ಲಿಲ್ಲ, ನಿಮ್ಮ ವರದಿ ಹಾಗೆಯೇ ಬರೆಯಲ್ಪಡುತ್ತದೆ. ಶನಿವಾರ ಸಂಜೆ ಏಳಕ್ಕೆ ಬನ್ನಿ. ಕಾರನ್ನು ಕೆಳಗೆ ಶಾಲೆಯ ಹತ್ತಿರವೇ ನಿಲ್ಲಿಸಿ ಮೆಟ್ಟಿಲು ಹತ್ತಿ. ಮಳೆ ಬಂದಿದ್ದರೆ ಇಪ್ಪತ್ತರಿಂದ ಮೂವತ್ತನೇ ಮೆಟ್ಟಿಲವರೆಗೆ ಪಾಚಿ ಇರುತ್ತದೆ, ಬಲಗಡೆಯ ಕಂಬಿ ಹಿಡಿದುಕೊಳ್ಳಿ. ಮೇಲೆ ಸುಬೇದಾರರು ಕಾದಿರುತ್ತಾರೆ. ಟೇಪು ತರಬೇಕಾಗಿಲ್ಲ, ನಮ್ಮಲ್ಲಿದೆ.

ಇಂತಿ,
ಓಣಿಯ ನಿವಾಸಿಗಳ ಪರವಾಗಿ,
ಬರೆಯ ಮೇಲಿನ ಮನೆಯವಳು
ಮಡಿಕೇರಿ